ಹಸಿರು ದೀಪ, 50 ಕಿಲೋಓಮ್: ಕೊಯಮತ್ತೂರು ಸೀಮೆಯ ಇಸಿಜಿ ಲೆಕ್ಕ

ಇಸಿಜಿ ತೆಗೆಯುವಾಗ ಮೈಗೆ ಹಚ್ಚುವ ಎಲೆಕ್ಟ್ರೋಡ್‌ಗಳು 10. ಅವುಗಳಿಂದ ಕಾಗದದ ಮೇಲೆ ಮೂಡುವ ಲೀಡ್‌ಗಳು 12. ಬಲಗೈಯದು ಒಂದೇ ಒಂದು ಕಳಚಿತು ಎನ್ನಿ. 12ರಲ್ಲಿ ನಂಬುವಂಥದ್ದು ಎಷ್ಟು ಉಳಿಯುತ್ತದೆ? ಒಂಬತ್ತೋ ಹತ್ತೋ ಇರಬಹುದು ಅನಿಸುತ್ತದೆ. ಉಳಿಯುವುದು 1.

ಲೆಕ್ಕ ಹೀಗೆ. ಒಂದನೇ ಮತ್ತು ಎರಡನೇ ಲೀಡ್‌ಗಳು ಬಲಗೈಯಿಂದಲೇ ಅಳತೆ ಶುರು ಮಾಡುತ್ತವೆ, ಅವೆರಡೂ ಹೋದವು. ಎವಿಆರ್, ಎವಿಎಲ್, ಎವಿಎಫ್ ಮೂರಕ್ಕೂ ಬಲಗೈ, ಎಡಗೈ, ಎಡಗಾಲು ಮೂರೂ ಬೇಕು, ಅವೂ ಹೋದವು. ಎದೆಯ ಆರು ಲೀಡ್‌ಗಳು ಅಳೆಯುವುದು ಇದೇ ಮೂರರ ಸರಾಸರಿಯನ್ನು ಸೊನ್ನೆ ಎಂದಿಟ್ಟುಕೊಂಡು. ಸೊನ್ನೆಯೇ ಅಲುಗಿದ ಮೇಲೆ ಅಳತೆ ಎಲ್ಲಿಯದು? ಎರಡು, ಮೂರು, ಆರು: ಒಟ್ಟು 11. ಎಡಗಾಲಿಗೂ ಎಡಗೈಗೂ ನಡುವಿನ ಮೂರನೇ ಲೀಡ್ ಒಂದೇ ಉಳಿದದ್ದು. ಎಡಗೈಯದು ಬಿಟ್ಟರೂ ಎಡಗಾಲಿನದು ಬಿಟ್ಟರೂ ಲೆಕ್ಕ ಇಷ್ಟೇ. ಬಲಗಾಲಿನದು ಬಿಟ್ಟರೆ ಹನ್ನೆರಡರಲ್ಲೂ ಕರೆಂಟಿನ ನಡುಕ ತುಂಬುತ್ತದೆ. ಎದೆಯ ಆರರಲ್ಲಿ ಒಂದು ಬಿಟ್ಟರೆ ಮಾತ್ರ ನಷ್ಟ ಒಂದೇ.

ಆದ್ದರಿಂದಲೇ ಇಂದಿನ ಇಸಿಜಿ ಯಂತ್ರಗಳಲ್ಲಿ, ಐಸಿಯು ಮಾನಿಟರ್‌ಗಳಲ್ಲಿ 'ಲೀಡ್ ಆಫ್' ಎಂದು ಕೂಗುವ ಏರ್ಪಾಡು ಇರುತ್ತದೆ. ಎಲೆಕ್ಟ್ರೋಡ್ ಕಳಚಿದರೆ ಕೆಂಪು, ಅಂಟಿದ್ದರೆ ಹಸಿರು. ಆ ಹಸಿರು ಎಷ್ಟು ಓಮ್ ತಡೆಗೆ ಹಸಿರು, ಆ ಓಮನ್ನು ಯಂತ್ರ ಯಾವ ಆವರ್ತನದಲ್ಲಿ ಅಳೆಯಿತು ಎಂಬುದನ್ನು ಯಂತ್ರ ಕೊಳ್ಳುವವರು ಕೇಳುವುದು ಕಡಿಮೆ. ಈ ವರದಿಯ ತಕರಾರು ಅಲ್ಲಿದೆ.

59 ಲಕ್ಷ ಜನ, 40 ತಿರುವು

ಕೊಯಮತ್ತೂರನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹೃದಯಾಘಾತದ ಇಸಿಜಿಯನ್ನು ಸಣ್ಣ ಆಸ್ಪತ್ರೆಯಲ್ಲಿ ತೆಗೆದು, ದೂರದ ದೊಡ್ಡ ಆಸ್ಪತ್ರೆಯಲ್ಲಿ ಓದಿಸಿ, ಅಲ್ಲಿಂದಲೇ ಚಿಕಿತ್ಸೆ ಶುರು ಮಾಡಿಸುವ ಪದ್ಧತಿಯನ್ನು ನಮ್ಮ ದೇಶದಲ್ಲಿ ಅಂಕಿಅಂಶ ಇಟ್ಟು ತೋರಿಸಿದವರಲ್ಲಿ ಇಲ್ಲಿನ ವೈದ್ಯರು ಮುಂದಿನ ಸಾಲಿನವರು. ಕೋವೈ ಮೆಡಿಕಲ್ ಸೆಂಟರ್‌ನ ಡಾ. ಥಾಮಸ್ ಅಲೆಕ್ಸಾಂಡರ್ ಮತ್ತು ಚೆನ್ನೈಯ ಡಾ. ಅಜಿತ್ ಮುಳ್ಳಸಾರಿ ಸೇರಿ ಕಟ್ಟಿದ ಸ್ಟೆಮಿ ಇಂಡಿಯಾ ಸಂಸ್ಥೆ (ಸ್ಟೆಮಿ ಎಂದರೆ ಇಸಿಜಿಯ ಎಸ್‌ಟಿ ಭಾಗ ಮೇಲೇಳುವ ಬಗೆಯ ಹೃದಯಾಘಾತ) ಮೊದಲು ಕೊಯಮತ್ತೂರು–ಈರೋಡು ಭಾಗದಲ್ಲಿ ಪ್ರಯೋಗ ನಡೆಸಿತು. ಆಮೇಲೆ ತಮಿಳುನಾಡು ಸ್ಟೆಮಿ ಕಾರ್ಯಕ್ರಮ ಬಂತು. 2012ರಿಂದ 2014ರವರೆಗೆ 4 ಆಸ್ಪತ್ರೆ ಗುಂಪುಗಳಲ್ಲಿ ನಡೆದ ಅದರ ಅಧ್ಯಯನದಲ್ಲಿ 2,420 ರೋಗಿಗಳಿದ್ದರು: ವ್ಯವಸ್ಥೆ ಜಾರಿಯಾಗುವ ಮೊದಲು 898, ಜಾರಿಯಾದ ಮೇಲೆ 1,522. ಆಂಜಿಯೋಗ್ರಾಮ್ ಆದವರು ಶೇ. 35ರಿಂದ ಶೇ. 60.8ಕ್ಕೆ ಏರಿದರು. ಒಂದು ವರ್ಷದೊಳಗೆ ತೀರಿಕೊಂಡವರು ಶೇ. 17.6ರಿಂದ ಶೇ. 14.2ಕ್ಕೆ ಇಳಿದರು. ನೂರು ರೋಗಿಗಳಲ್ಲಿ ಮೂರಕ್ಕಿಂತ ಹೆಚ್ಚು ಜೀವ. ಈ ಫಲಿತಾಂಶ 2017ರಲ್ಲಿ ಅಮೆರಿಕದ ಜಾಮಾ ಕಾರ್ಡಿಯಾಲಜಿ ಪತ್ರಿಕೆಯಲ್ಲಿ ಅಚ್ಚಾಯಿತು.

ಆ 2,420 ರೋಗಿಗಳಿಗೆ ತಲಾ ಒಂದೇ ಇಸಿಜಿ ಎಂದುಕೊಂಡರೂ ಚರ್ಮಕ್ಕೂ ಲೋಹಕ್ಕೂ 24,200 ಕಡೆ ಸಂಪರ್ಕ ಕೂಡಿಬರಬೇಕು. ಪ್ರಬಂಧದಲ್ಲಿ ಈ ಸಂಖ್ಯೆಗೆ ಜಾಗ ಸಿಗುವುದಿಲ್ಲ, ವ್ಯವಸ್ಥೆ ನಿಂತಿರುವುದು ಮಾತ್ರ ಇದರ ಮೇಲೆಯೇ.

2011ರ ಜನಗಣತಿಯಲ್ಲಿ ಕೊಯಮತ್ತೂರು ಜಿಲ್ಲೆಯ ಜನಸಂಖ್ಯೆ 34,58,045. 2009ರಲ್ಲಿ ಬೇರೆಯಾದ ತಿರುಪ್ಪೂರು ಜಿಲ್ಲೆಯದು 24,79,052. ಕೂಡಿದರೆ 59 ಲಕ್ಷದ ಮೇಲೆ. ಕೊಯಮತ್ತೂರು ನಗರದಲ್ಲಿ ಆಸ್ಪತ್ರೆಗಳ ಸಾಲೇ ಇದೆ: 1952ರ ಜಿಕೆಎನ್‌ಎಂ, 1966ರ ಸರ್ಕಾರಿ ವೈದ್ಯಕೀಯ ಕಾಲೇಜು, 1985ರ ಪಿಎಸ್‌ಜಿ ವೈದ್ಯಕೀಯ ಸಂಸ್ಥೆ, 1990ರ ಕೋವೈ ಮೆಡಿಕಲ್. ತಿರುಪ್ಪೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2022ರಲ್ಲಿ. ಅದೇ ವಾಲ್ಪಾರೈಯ ಚಹಾ ತೋಟದಲ್ಲಿ ಒಬ್ಬರಿಗೆ ಎದೆನೋವು ಬಂದರೆ ಪೊಳ್ಳಾಚಿಗೆ 64 ಕಿ.ಮೀ. ದಾರಿ, ನಡುವೆ 40 ಹೇರ್‌ಪಿನ್ ತಿರುವು. ಅಲ್ಲಿಂದ ಕೊಯಮತ್ತೂರಿಗೆ ಮತ್ತೆ 40 ಕಿ.ಮೀ. ಅಂಥಲ್ಲಿ ಇಸಿಜಿ ಫೋನಿನಲ್ಲಿ ಇಳಿಯಬೇಕೇ ಹೊರತು ಓದಿಸುವುದಕ್ಕೆಂದು ರೋಗಿ ಇಳಿಯಬಾರದು.

ಕರ್ನಾಟಕದ ಓದುಗರಿಗೆ ಇದು ಹೊಸದಲ್ಲ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ಜಾಡಿನದು: ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ, ದೂರದಲ್ಲಿ ತಜ್ಞರ ಓದು, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತ. ಹೊರಗೆ ಕೊಂಡರೆ ಆ ಮದ್ದಿಗೆ ಹತ್ತಾರು ಸಾವಿರ ರೂಪಾಯಿ. ಅದನ್ನು ಕೊಡುವುದೋ ಬಿಡುವುದೋ ಎಂಬ ತೀರ್ಮಾನ ಕಾಗದದ ಮೇಲಿನ ಒಂದೆರಡು ಮಿಲಿಮೀಟರ್ ಏರಿಕೆಯ ಮೇಲೆ ನಿಂತಿದೆ. ತಪ್ಪು ಓದಿ ಕೊಟ್ಟರೆ ಅದಕ್ಕೂ ಬೆಲೆ ತೆರಬೇಕು. ಈ ಬಗೆಯ ಮದ್ದು ಪಡೆದ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಮಿದುಳಿನೊಳಗೆ ರಕ್ತಸ್ರಾವ ಆಗುತ್ತದೆ.

2 ಮಿಲಿಮೀಟರ್ ನಡುಕ

ಆ ಮಿಲಿಮೀಟರಿನ ಲೆಕ್ಕ ನೋಡೋಣ. ಇಸಿಜಿ ಕಾಗದದಲ್ಲಿ 1 ಮಿಲಿವೋಲ್ಟ್ ಅಂದರೆ 10 ಮಿ.ಮೀ. ಅಲೆಯ ಎಸ್‌ಟಿ ಎಂಬ ಭಾಗ ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ 1 ಮಿ.ಮೀ. ಮೇಲೆದ್ದರೆ ಹೃದಯಾಘಾತದ ಸಂಶಯ. ವಿ2, ವಿ3 ಲೀಡ್‌ಗಳಲ್ಲಿ ಮಾತ್ರ ಮಿತಿ ಬೇರೆ: 40 ದಾಟಿದ ಗಂಡಸರಿಗೆ 2 ಮಿ.ಮೀ., ಅದಕ್ಕಿಂತ ಕಿರಿಯರಿಗೆ 2.5, ಹೆಂಗಸರಿಗೆ 1.5. ಹಾಗಾದರೆ ವೈದ್ಯರು ಹುಡುಕುತ್ತಿರುವುದು 0.1 ಮಿಲಿವೋಲ್ಟ್, ಒಂದು ವೋಲ್ಟಿನ ಹತ್ತು ಸಾವಿರದಲ್ಲೊಂದು ಪಾಲು.

ಇದಕ್ಕೆ ಎದುರಾಳಿಗಳು ಎರಡು. ಮೊದಲನೆಯದು ಎಲೆಕ್ಟ್ರೋಡ್ ತಾನೇ ಹುಟ್ಟಿಸುವ ವೋಲ್ಟೇಜ್. ಲೋಹವೂ ಉಪ್ಪಿನ ಜೆಲ್ಲಿಯೂ ಕೂಡಿದ ಕಡೆ ಬ್ಯಾಟರಿಯಂಥದ್ದೊಂದು ಹುಟ್ಟಿಕೊಳ್ಳುತ್ತದೆ. ಬೆಳ್ಳಿ–ಸಿಲ್ವರ್ ಕ್ಲೋರೈಡ್‌ನಲ್ಲಿ ಅದು ಸುಮಾರು 220 ಮಿಲಿವೋಲ್ಟ್. ಎರಡು ಎಲೆಕ್ಟ್ರೋಡ್ ಒಂದೇ ತೆರನಾಗಿದ್ದರೆ ಪರಸ್ಪರ ಕಳೆದುಹೋಗುತ್ತದೆ, ಇಲ್ಲದಿದ್ದರೆ ವ್ಯತ್ಯಾಸ ಉಳಿಯುತ್ತದೆ. ಇಸಿಜಿ ಯಂತ್ರ 300 ಮಿಲಿವೋಲ್ಟ್‌ವರೆಗೆ ಇಂಥ ವ್ಯತ್ಯಾಸವನ್ನು ತಡೆದುಕೊಳ್ಳಬೇಕೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಹುಡುಕುವ ಸಂಕೇತದ 3,000 ಪಟ್ಟು ಅದು.

ಎರಡನೆಯದು ಗೋಡೆಯ ತಂತಿಯಿಂದ ಬರುವ 50 ಹರ್ಟ್ಸ್. ಕೋಣೆಯ ವೈರಿಂಗ್‌ನಿಂದ ಇಸಿಜಿ ಕೇಬಲ್‌ಗೆ ಸುಮಾರು 10 ನ್ಯಾನೋ ಆಂಪಿಯರ್ ಕರೆಂಟ್ ಸೋರುತ್ತದೆ ಎನ್ನಿ. ನ್ಯಾನೋ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಮೈಗೆ ಏನೂ ಅಲ್ಲ. ಅದು ನೆಲ ಸೇರಬೇಕಾದರೆ ಎಲೆಕ್ಟ್ರೋಡ್ ದಾಟಿ ಹೋಗಬೇಕು. ಎರಡು ಎಲೆಕ್ಟ್ರೋಡ್‌ಗಳ ತಡೆ, ಅಂದರೆ ಇಂಪೀಡೆನ್ಸ್, ಒಂದಕ್ಕೊಂದು 20 ಕಿಲೋಓಮ್ ವ್ಯತ್ಯಾಸವಾಗಿದ್ದರೆ ಹುಟ್ಟುವ ವೋಲ್ಟೇಜ್ 10 ನ್ಯಾನೋ ಗುಣಿಸು 20 ಸಾವಿರ: 0.2 ಮಿಲಿವೋಲ್ಟ್. ಕಾಗದದ ಮೇಲೆ 2 ಮಿ.ಮೀ. ನಡುಕ. ಹುಡುಕುತ್ತಿದ್ದ ಏರಿಕೆ 1 ಮಿ.ಮೀ.!

ಪಲ್ಲಡಂ, ಸೋಮನೂರಿನ ಕಡೆ ಕ್ಲಿನಿಕ್ ಪಕ್ಕದಲ್ಲೇ ಪವರ್‌ಲೂಮ್ ಶೆಡ್ ಇರುವುದುಂಟು. ಇಸಿಜಿ ನಡುಗಿದರೆ ಮಗ್ಗದ ಮೋಟಾರಿನ ಮೇಲೆ ಗೂಬೆ ಕೂರಿಸುವುದು ಸುಲಭ. ಮೇಲಿನ ಗುಣಾಕಾರದಲ್ಲಿ ಎರಡು ಅಂಕಿಗಳಿವೆ. ಮೊದಲನೆಯ 10 ನ್ಯಾನೋ ಹೆಚ್ಚಾಗಿ ಅದೇ ಕೋಣೆಯ ಟ್ಯೂಬ್‌ಲೈಟು, ಅರ್ಥ್ ಇಲ್ಲದ ಪ್ಲಗ್ಗು, ಹಾಸಿಗೆಗೆ ತಾಗಿದ ವೈರಿನ ಕೊಡುಗೆ. ಎರಡನೆಯ 20 ಕಿಲೋಓಮ್ ಚರ್ಮದ್ದು. ಮೊದಲನೆಯದಕ್ಕೆ ಎಲೆಕ್ಟ್ರಿಷಿಯನ್ ಬರಬೇಕು. ಎರಡನೆಯದನ್ನು ಒದ್ದೆ ಗಾಜ್ ಬಟ್ಟೆಯಲ್ಲಿ ನಾಲ್ಕು ಸಲ ಉಜ್ಜಿ ತಗ್ಗಿಸಬಹುದು. ಉಜ್ಜುವವರಿಗೆ ಯಾವ ಎಲೆಕ್ಟ್ರೋಡ್ ಎಂದು ಗೊತ್ತಾಗಬೇಕು, ಅಷ್ಟೇ.

ನ್ಯಾನೋ ಆಂಪಿಯರಿನ ಕಾವಲು

ಕಳಚಿದ್ದನ್ನು ಯಂತ್ರ ಕಂಡುಹಿಡಿಯುವ ಬಗೆ ಸರಳ. ಪ್ರತಿ ಎಲೆಕ್ಟ್ರೋಡಿನ ತಂತಿಗೆ ಅತಿ ಸಣ್ಣ ಡಿಸಿ ಕರೆಂಟನ್ನು ಒಳಗಿನಿಂದಲೇ ತಳ್ಳುವುದು. ಎಲೆಕ್ಟ್ರೋಡ್ ಮೈಗೆ ಅಂಟಿದ್ದರೆ ಕರೆಂಟ್ ಮೈಯ ಮೂಲಕ ಹರಿದುಹೋಗುತ್ತದೆ, ತಂತಿಯ ವೋಲ್ಟೇಜ್ ಅಷ್ಟಾಗಿ ಏರುವುದಿಲ್ಲ. ಕಳಚಿದ್ದರೆ ಹೋಗಲು ದಾರಿಯಿಲ್ಲದೆ ವೋಲ್ಟೇಜ್ ಸಪ್ಲೈವರೆಗೆ ಏರಿ ನಿಲ್ಲುತ್ತದೆ. ಅದನ್ನು ನೋಡುತ್ತಿರುವ ಕಂಪೇರೇಟರ್ 'ಬಿಟ್ಟಿದೆ' ಎನ್ನುತ್ತದೆ.

ಕರೆಂಟ್ ಎಷ್ಟಿರಬಹುದು? ಮಾನಿಟರ್‌ಗಳ ಮಾನಕದಲ್ಲಿ ಈ ಕೆಲಸಕ್ಕೆ ಪ್ರತಿ ಎಲೆಕ್ಟ್ರೋಡಿಗೆ 0.1 ಮೈಕ್ರೋ ಆಂಪಿಯರ್, ಅಂದರೆ 100 ನ್ಯಾನೋ ಮಿತಿ. ರೋಗಿಯ ಮೈಯಲ್ಲಿ ಹರಿಯಬಹುದಾದ ಡಿಸಿಗೆ ಸಾಮಾನ್ಯ ಸ್ಥಿತಿಯಲ್ಲಿ ಇರುವ 10 ಮೈಕ್ರೋ ಮಿತಿಗೆ ಇದು ನೂರನೇ ಒಂದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಡಿಎಸ್1298 ಎಂಬ ಇಸಿಜಿ ಚಿಪ್‌ನಲ್ಲಿ 6, 12, 18, 24 ನ್ಯಾನೋ ಎಂದು ನಾಲ್ಕು ಮೆಟ್ಟಿಲು ಇವೆ. ಮ್ಯಾಕ್ಸ್30003 ಚಿಪ್‌ನಲ್ಲಿ 100 ನ್ಯಾನೋವರೆಗೆ ಹೋಗಬಹುದು. ಚಿಪ್ಪಿನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ತಂತಿಯಿಂದ ಸಪ್ಲೈಗೆ ಒಂದು ದೊಡ್ಡ ರೆಸಿಸ್ಟರ್ ಸಾಕು: 3.3 ವೋಲ್ಟ್ ಸಪ್ಲೈ, ಮೈ ಅದರ ನಡುಮಟ್ಟ 1.65ರಲ್ಲಿ, ರೆಸಿಸ್ಟರ್ 22 ಮೆಗಾಓಮ್ ಎಂದರೆ ಕರೆಂಟ್ 75 ನ್ಯಾನೋ. ಹವ್ಯಾಸಿಗಳು ಕೈಗೆ ಸಿಕ್ಕಿದ 10 ಮೆಗಾಓಮ್ ಹಾಕಿದರೆ 165 ನ್ಯಾನೋ, ಮಿತಿ ದಾಟಿತು. ಸಗಟಿನಲ್ಲಿ ಕೊಂಡರೆ ಎರಡರ ಬೆಲೆಯೂ ಒಂದು ರೂಪಾಯಿಯ ಆಸುಪಾಸು.

ಈಗ ಯಾರೂ ಹಾಕಿ ನೋಡದ ಭಾಗಾಕಾರ. ಆ ಎಡಿಎಸ್ ಚಿಪ್ ಧನ–ಋಣ 2.5 ವೋಲ್ಟ್ ಸಪ್ಲೈಯಲ್ಲಿ ನಡೆಯುತ್ತಿದೆ, ಕಂಪೇರೇಟರನ್ನು ಸಪ್ಲೈಯ ಶೇ. 95ಕ್ಕೆ ಇಟ್ಟಿದೆ ಎನ್ನೋಣ. ನಡುಮಟ್ಟದಿಂದ ಅದು 2.25 ವೋಲ್ಟ್. ಗರಿಷ್ಠ 24 ನ್ಯಾನೋ ಕರೆಂಟಿನಲ್ಲಿ ಅಷ್ಟು ವೋಲ್ಟೇಜ್ ಏರಬೇಕಾದರೆ ತಡೆ 2.25 ಭಾಗಿಸು 24 ನ್ಯಾನೋ, ಸುಮಾರು 94 ಮೆಗಾಓಮ್. 6 ನ್ಯಾನೋದಲ್ಲಾದರೆ 375 ಮೆಗಾಓಮ್. ಇಸಿಜಿಗೆ 50 ಕಿಲೋಓಮ್ ಸಂಪರ್ಕವೇ ಕಳಪೆ. ಕಳಪೆ ಎಂಬಲ್ಲಿಂದ ಕೆಂಪು ದೀಪ ಹತ್ತುವವರೆಗೆ 1,900 ಪಟ್ಟು ಅಂತರ. ಆ ಉದ್ದಕ್ಕೂ ದೀಪ ಹಸಿರು.

ಅಂದರೆ ಡಿಸಿ ಪದ್ಧತಿ ಪತ್ತೆ ಮಾಡುವುದು ಗಾಳಿಯಲ್ಲಿ ನೇತಾಡುವ ತಂತಿಯನ್ನು. ಒಣಗಿದ ಜೆಲ್ಲಿಯನ್ನಲ್ಲ, ಬೆವರಿಗೆ ಅರ್ಧ ಎದ್ದ ಅಂಟನ್ನಲ್ಲ, ಎದೆಗೂದಲಿನ ಮೇಲೆ ತೇಲುವ ಎಲೆಕ್ಟ್ರೋಡನ್ನಲ್ಲ. ಮಿತಿಯನ್ನು ಇನ್ನೂ ಕೆಳಗಿಟ್ಟರೆ ಆಯಿತಲ್ಲ ಎಂದರೆ, 50 ಕಿಲೋಓಮ್‌ನಲ್ಲಿ 24 ನ್ಯಾನೋ ಹುಟ್ಟಿಸುವುದು 1.2 ಮಿಲಿವೋಲ್ಟ್, ಎಲೆಕ್ಟ್ರೋಡ್ ತಾನೇ ಹುಟ್ಟಿಸುವ ನೂರಾರು ಮಿಲಿವೋಲ್ಟ್‌ನ ಮುಂದೆ ಅದು ಕಾಣುವುದೇ ಇಲ್ಲ. ಡಿಸಿಯಲ್ಲಿ ಇದಕ್ಕೆ ದಾರಿಯಿಲ್ಲ.

ಯಾವ ಆವರ್ತನದ ಓಮ್?

ದಾರಿ ಇರುವುದು ಎಸಿಯಲ್ಲಿ. ಗೊತ್ತಿರುವ ಆವರ್ತನದಲ್ಲಿ ಸಣ್ಣ ಕರೆಂಟ್ ತಳ್ಳಿ, ಅದೇ ಆವರ್ತನದಲ್ಲಿ ಎಷ್ಟು ವೋಲ್ಟೇಜ್ ಬಂತೆಂದು ಸಾಫ್ಟ್‌ವೇರ್‌ನಲ್ಲಿ ಬೇರ್ಪಡಿಸಿ ನೋಡುವುದು. ಮಿದುಳಿನ ಸಂಕೇತ ದಾಖಲಿಸುವ ಇಇಜಿಗೆಂದು ಮಾಡಿದ ಎಡಿಎಸ್1299 ಚಿಪ್ 7.8 ಮತ್ತು 31.2 ಹರ್ಟ್ಸ್‌ನಲ್ಲಿ ಹೀಗೆ ಅಳೆಯಬಲ್ಲುದು. 6 ನ್ಯಾನೋ ಕರೆಂಟ್ 5 ಕಿಲೋಓಮ್ ದಾಟಿದರೆ 30 ಮೈಕ್ರೋವೋಲ್ಟ್. ಮಿದುಳಿನ ಸಂಕೇತವೇ 10ರಿಂದ 100 ಮೈಕ್ರೋವೋಲ್ಟ್ ಆದ್ದರಿಂದ ಎರಡೂ ಒಂದೇ ಗಾತ್ರದವು. ಆವರ್ತನ ಬೇರೆ ಎಂಬ ಒಂದೇ ಕಾರಣಕ್ಕೆ ಬಿಡಿಸಬಹುದು. ಇಇಜಿಯವರಿಗೆ ಓಮ್ ಹೊಸ ವಿಷಯವೇ ಅಲ್ಲ. ತಲೆಗೆ 21 ಎಲೆಕ್ಟ್ರೋಡ್ ಕೂರಿಸಿ, ಪ್ರತಿಯೊಂದರ ಇಂಪೀಡೆನ್ಸ್ ನೋಡಿ, ಹಳೆಯ ನಿಯಮದಂತೆ 5 ಕಿಲೋಓಮ್, ಅಮೆರಿಕದ 2016ರ ಮಾರ್ಗಸೂಚಿಯಂತೆ 10 ಕಿಲೋಓಮ್ ಒಳಗೆ ಬಂದ ಮೇಲೆಯೇ ರೆಕಾರ್ಡಿಂಗ್ ಶುರು. ಅದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಇಸಿಜಿಗೆ ದೀಪ ಹಸಿರಾದರೆ ಸಾಕು. ಜೀವ ಹೋಗುವ ತುರ್ತು ಇರುವುದು ಎಲ್ಲಿ, ಅಳತೆಯ ಶಿಸ್ತು ಇರುವುದು ಎಲ್ಲಿ!

ಆವರ್ತನದ ಪ್ರಶ್ನೆ ಇಲ್ಲಿ ಬರುತ್ತದೆ. ಚರ್ಮದ ತಡೆ ಒಂದೇ ಸಂಖ್ಯೆಯಲ್ಲ. 1988ರಲ್ಲಿ ಪ್ರಕಟವಾದ ಒಂದು ಅಳತೆಯಲ್ಲಿ ಹತ್ತು ಜನರ ಎದೆ, ಕಾಲು, ಹಣೆ ಸೇರಿ ಹತ್ತು ಕಡೆ ಜೆಲ್ಲಿ ಹಚ್ಚಿ, ಬೇರೇನೂ ಉಜ್ಜದೆ ನೋಡಿದ್ದರು. ಒಂದು ಚದರ ಸೆಂಟಿಮೀಟರಿಗೆ 1 ಹರ್ಟ್ಸ್‌ನಲ್ಲಿ 10 ಕಿಲೋಓಮ್‌ನಿಂದ 1 ಮೆಗಾಓಮ್‌ವರೆಗೆ, ನೂರು ಪಟ್ಟು ಏರುಪೇರು. ಅದೇ 100 ಕಿಲೋಹರ್ಟ್ಸ್‌ನಲ್ಲಿ ಎಲ್ಲರದ್ದೂ 220 ಓಮ್ ಆಸುಪಾಸು. ಚರ್ಮದ ಹೊರಪದರ ಕೆಪಾಸಿಟರ್‌ನಂತೆ ವರ್ತಿಸುವುದರಿಂದ ಹೆಚ್ಚಿನ ಆವರ್ತನಕ್ಕೆ ಅದು ಅಡ್ಡಿಯೇ ಅಲ್ಲ. ಹೃದಯದ ಸಂಕೇತದ ಬಹುಪಾಲು ಇರುವುದು 0.05ರಿಂದ 150 ಹರ್ಟ್ಸ್ ಒಳಗೆ, ಎಸ್‌ಟಿ ಭಾಗವಂತೂ ಆ ಪಟ್ಟಿಯ ತಳದಲ್ಲಿ. ಹಾಗಿರುವಾಗ 100 ಕಿಲೋಹರ್ಟ್ಸ್‌ನಲ್ಲಿ ಅಳೆದು ಸಂಪರ್ಕ ಚೆನ್ನಾಗಿದೆ ಎಂದರೆ ಏನು ಹೇಳಿದಂತಾಯಿತು? ಅನಲಾಗ್ ಡಿವೈಸಸ್‌ನ ಎಡಿ8232 ಚಿಪ್ ಎರಡೇ ಎಲೆಕ್ಟ್ರೋಡ್ ಇದ್ದಾಗ ಇದೇ 100 ಕಿಲೋಹರ್ಟ್ಸ್ ಬಳಸುತ್ತದೆ. ಅದು ಅಂಟಿದೆಯೋ ಬಿಟ್ಟಿದೆಯೋ ಹೇಳುವ ಕಾವಲುಗಾರ. ಗುಣಮಟ್ಟ ಹೇಳುವ ಕೆಲಸವನ್ನು ಅದಕ್ಕೆ ಯಾರೂ ವಹಿಸಿಲ್ಲ. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಇದನ್ನು 'ಸಿಗ್ನಲ್ ಕ್ವಾಲಿಟಿ' ಎಂದು ಬರೆಯುವುದನ್ನು ನೋಡಿದಾಗಲೆಲ್ಲ ಕಿರಿಕಿರಿ ಆಗುತ್ತದೆ.

ನಿಖರತೆಯ ಬಗ್ಗೆ ಒಂದು ಎಚ್ಚರಿಕೆ. ಚಿಪ್ಪಿನೊಳಗಿನ ಈ ಕರೆಂಟ್ ಮೂಲಗಳು ಶೇ. 20ರಷ್ಟು ಅತ್ತಿತ್ತ ಇರಬಹುದೆಂದು ತಯಾರಕರೇ ಹೇಳುತ್ತಾರೆ. 5 ಎಂದು ತೋರಿಸಿದ್ದು 4 ಆಗಿರಬಹುದು, 6 ಆಗಿರಬಹುದು. ಆಗಲಿ. 50 ಸಾವಿರವೋ 5 ಸಾವಿರವೋ ತಿಳಿಯಬೇಕಾದಾಗ ಶೇ. 20ರ ತಪ್ಪು ಲೆಕ್ಕಕ್ಕಿಲ್ಲ.

ಒಂದಕ್ಕೆ 6 ರೂಪಾಯಿ

ಇನ್ನು ದುಡ್ಡು. ಎಡಿ8232 ಕೂರಿಸಿದ ಸಣ್ಣ ಬೋರ್ಡ್ ಬಿಡಿಯಾಗಿ ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ಎಂಟು ಚಾನೆಲ್‌ನ ಎಡಿಎಸ್1299 ಚಿಪ್ ಒಂದಕ್ಕೇ ಹಲವು ಸಾವಿರ. ಇಸಿಜಿ ಯಂತ್ರ ತಯಾರಕರು ಸಗಟಿನಲ್ಲಿ ಕೊಳ್ಳುವ ಎಡಿಎಸ್1298 ಮಾದರಿಯ ಚಿಪ್‌ಗಳಲ್ಲಿ ಎಸಿ ಅಳತೆಯ ಸರ್ಕೀಟ್ ಹೇಗೂ ಒಳಗೇ ಇದೆ, ಬೇಡವೆಂದರೂ ದುಡ್ಡು ಕೊಟ್ಟಾಗಿದೆ. ಓಮ್ ತೋರಿಸಲು ಬೇಕಿರುವುದು ಸಾಫ್ಟ್‌ವೇರ್ ಮತ್ತು ಪರದೆಯ ಮೇಲೆ ಹತ್ತು ಅಂಕಿಗಳಿಗೆ ಜಾಗ. ಹಾರ್ಡ್‌ವೇರ್ ಖರ್ಚು ಸೊನ್ನೆಗೆ ಹತ್ತಿರ ಎಂಬುದು ನನ್ನ ಲೆಕ್ಕ. ಖರ್ಚಿರುವುದು ಎಲೆಕ್ಟ್ರೋಡಿನಲ್ಲಿ.

ಒಮ್ಮೆ ಬಳಸಿ ಎಸೆಯುವ ಜೆಲ್ ಎಲೆಕ್ಟ್ರೋಡ್ ಒಂದಕ್ಕೆ 6 ರೂಪಾಯಿ ಎಂದು ಹಿಡಿಯುತ್ತೇನೆ. ನಿಮ್ಮೂರಿನ ಸರ್ಜಿಕಲ್ ಅಂಗಡಿಯ ದರ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಬಹುದು. ಒಂದು ಇಸಿಜಿಗೆ 60 ರೂಪಾಯಿ. ಊರ ಕ್ಲಿನಿಕ್‌ಗಳಲ್ಲಿ ಇಂದಿಗೂ ನಡೆಯುವುದು ರಬ್ಬರ್ ಬಲ್ಬ್ ಮತ್ತು ಕ್ಲ್ಯಾಂಪ್: ಎದೆಗೆ ಆರು ಬಲ್ಬ್, ಕೈಕಾಲಿಗೆ ನಾಲ್ಕು ಕ್ಲ್ಯಾಂಪ್, ನಡುವೆ ಜೆಲ್ಲಿ. ಸೆಟ್ ಒಂದಕ್ಕೆ 2,000 ರೂಪಾಯಿ, 2,000 ಇಸಿಜಿ ಬಾಳಿಕೆ ಎಂದರೆ ಇಸಿಜಿಗೆ 1 ರೂಪಾಯಿ, ಜೆಲ್ಲಿ ಬೇರೆ. ದಿನಕ್ಕೆ 5ರಂತೆ ವರ್ಷಕ್ಕೆ 300 ದಿನ ತೆಗೆದರೆ 1,500 ಇಸಿಜಿ. ಎಸೆಯುವ ಎಲೆಕ್ಟ್ರೋಡಿಗೆ 90,000 ರೂಪಾಯಿ, ಬಲ್ಬಿಗೆ 1,500. ಈ ಪಂದ್ಯದಲ್ಲಿ ಬಲ್ಬ್ ಗೆಲ್ಲುವುದರಲ್ಲಿ ಆಶ್ಚರ್ಯವಿಲ್ಲ, ಗೆದ್ದವರನ್ನು ಬೈಯುವುದರಲ್ಲಿ ಅರ್ಥವೂ ಇಲ್ಲ.

ನಡುದಾರಿಯೊಂದಿದೆ. ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಗೆ, ಶಸ್ತ್ರಚಿಕಿತ್ಸೆಯ ಮುಂಚಿನ ಫಿಟ್‌ನೆಸ್‌ಗೆ ಬಲ್ಬ್ ಸಾಕು. ಎದೆನೋವೆಂದು ಬಂದವರಿಗೆ ಮಾತ್ರ ಹೊಸ ಎಲೆಕ್ಟ್ರೋಡ್. ಐದರಲ್ಲಿ ಒಬ್ಬರು ಅಂಥವರು ಎಂದುಕೊಂಡರೆ ವರ್ಷಕ್ಕೆ 300 ಇಸಿಜಿ, 18,000 ರೂಪಾಯಿ. ಎರಡೂ ಜಿಲ್ಲೆ ಸೇರಿ ಇಂಥ ನೂರು ಕೇಂದ್ರಕ್ಕೆ 18 ಲಕ್ಷ. ಎದೆನೋವಿನ ರೋಗಿ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುತ್ತವೆ ಮಾರ್ಗಸೂಚಿಗಳು. ಇಸಿಜಿಯ ಓಟ 10 ಸೆಕೆಂಡ್ ಮಾತ್ರ. ಸಮಯ ತಿನ್ನುವುದು ಅಂಟಿಸುವ ಕೆಲಸ, ಅದಕ್ಕಿಂತ ಹೆಚ್ಚಾಗಿ 'ಸರಿಯಾಗಿ ಕಾಣುತ್ತಿಲ್ಲ, ಇನ್ನೊಂದು ಕಳಿಸಿ' ಎಂದು ಆ ಕಡೆಯಿಂದ ಬರುವ ಕರೆ. ಯಾವ ಎಲೆಕ್ಟ್ರೋಡಿನ ಓಮ್ ಹೆಚ್ಚಿದೆ ಎಂದು ಮೊದಲೇ ಕಂಡಿದ್ದರೆ ಆ ಕರೆ ಬರುತ್ತಿರಲಿಲ್ಲ.

ಐಸಿಯು ಲೆಕ್ಕ ಬೇರೆ. ಅಲ್ಲಿ ಎಲೆಕ್ಟ್ರೋಡ್ ದಿನಗಟ್ಟಲೆ ಮೈಮೇಲೆಯೇ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 77 ಐಸಿಯು ಹಾಸಿಗೆಗಳನ್ನು 31 ದಿನ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಟ್ಟು ಅಲಾರ್ಮ್ 25,58,760. ಕಿವಿಗೆ ಕೇಳುವಂಥದ್ದು ಒಂದು ಹಾಸಿಗೆಗೆ ದಿನಕ್ಕೆ 187. ಕುಳಿತು ಪರೀಕ್ಷಿಸಿದ 12,671 ಲಯದೋಷದ ಅಲಾರ್ಮ್‌ಗಳಲ್ಲಿ ಶೇ. 88.8 ಸುಳ್ಳು. ಅದಕ್ಕೂ ಮುಂಚೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಎರಡು ವಾರ್ಡ್‌ಗಳಲ್ಲಿ ದಿನಕ್ಕೊಮ್ಮೆ ಎಲೆಕ್ಟ್ರೋಡ್ ಬದಲಿಸಿ ನೋಡಿದ್ದರು. ಅಲಾರ್ಮ್ ಶೇ. 46 ಇಳಿಯಿತು. ಯಂತ್ರ ಅದೇ, ಸಿಬ್ಬಂದಿ ಅವರೇ, ಬದಲಾದದ್ದು ಎಲೆಕ್ಟ್ರೋಡ್ ಬದಲಿಸುವ ಅವಧಿ.

ಇದನ್ನು ಹತ್ತು ಹಾಸಿಗೆಯ ಐಸಿಯುಗೆ ಇಳಿಸೋಣ. ಹಾಸಿಗೆಗೆ 5 ಎಲೆಕ್ಟ್ರೋಡ್, ಒಟ್ಟು 50. ಎರಡು ದಿನಕ್ಕೊಮ್ಮೆ ಬದಲಿಸುತ್ತಿದ್ದವರು ದಿನವೂ ಬದಲಿಸಿದರೆ ಹೆಚ್ಚಿನ ಖರ್ಚು ದಿನಕ್ಕೆ 25 ಎಲೆಕ್ಟ್ರೋಡ್, 150 ರೂಪಾಯಿ, ವರ್ಷಕ್ಕೆ 54,750. ಉಳಿತಾಯ? 187ರ ದರ ಇಲ್ಲಿಗೂ ಅನ್ವಯಿಸಿದರೆ ಹತ್ತು ಹಾಸಿಗೆಗೆ ದಿನಕ್ಕೆ 1,870 ಅಲಾರ್ಮ್, ಶೇ. 46 ಎಂದರೆ 860 ಕಡಿಮೆ. ಅಮೆರಿಕದ ಅಂಕಿಯನ್ನು ಇಲ್ಲಿಗೆ ಹಾಗೆಯೇ ತರುವುದು ತಪ್ಪು ಎಂದರೆ ಅರ್ಧಕ್ಕಿಳಿಸಿ, ಕಾಲಿಗಿಳಿಸಿ. ಕಾಲು ಪಾಲು 215. ಅದರಲ್ಲೂ ಮೂರರಲ್ಲಿ ಒಂದಕ್ಕೆ ಮಾತ್ರ ನರ್ಸ್ ಎದ್ದು ಹೋಗಿ ಒಂದು ನಿಮಿಷ ಕಳೆದರೂ ದಿನಕ್ಕೆ 70 ನಿಮಿಷ. 150 ರೂಪಾಯಿಗೆ 70 ನಿಮಿಷದ ನರ್ಸ್ ಸಮಯ ಬೇರೆಲ್ಲಿ ಸಿಗುತ್ತದೆ?

ಬೆಲೆ ಹಾಗಿರಲಿ, ಎಲೆಕ್ಟ್ರೋಡಿಗೂ ಮಾನಕವಿದೆ. ಅಮೆರಿಕದ ಇಸಿ12 ಮಾನಕದ ಪ್ರಕಾರ ಎರಡು ಎಲೆಕ್ಟ್ರೋಡ್‌ಗಳ ಜೆಲ್‌ಗೆ ಜೆಲ್ ತಾಗಿಸಿ 10 ಹರ್ಟ್ಸ್‌ನಲ್ಲಿ ಅಳೆದರೆ ಕನಿಷ್ಠ 12 ಜೋಡಿಗಳ ಸರಾಸರಿ 2 ಕಿಲೋಓಮ್ ಮೀರಬಾರದು, ಯಾವ ಒಂದು ಜೋಡಿಯೂ 3 ದಾಟಬಾರದು; ಒಂದು ನಿಮಿಷದ ನಂತರ ವೋಲ್ಟೇಜ್ ವ್ಯತ್ಯಾಸ 100 ಮಿಲಿವೋಲ್ಟ್ ಒಳಗಿರಬೇಕು. ಹೊಸ ಪೊಟ್ಟಣದ್ದು ಇದನ್ನು ಸಲೀಸಾಗಿ ದಾಟುತ್ತದೆ. ಪೊಟ್ಟಣ ಒಡೆದು, ಬಾಯಿ ಮಡಚದೆ ಟ್ರಾಲಿಯಲ್ಲಿಟ್ಟ ಐವತ್ತರಲ್ಲಿ ಕೊನೆಯ ಹತ್ತರ ಕತೆ ಬೇರೆ. ಪಾಲ್ಘಾಟ್ ಕಣಿವೆಯಿಂದ ಗಾಳಿ ಬೀಸುವ ತಿಂಗಳುಗಳಲ್ಲಿ ಫ್ಯಾನಿನ ಕೆಳಗಿಟ್ಟ ಜೆಲ್ ಉಳಿಯುವುದೇ? 6 ರೂಪಾಯಿ ಉಳಿಸಲು ಹೋಗಿ ಇಸಿಜಿಯನ್ನೇ ಕಳೆದುಕೊಳ್ಳುವುದು ಇಲ್ಲಿ.

ಓಮ್‌ಗೂ ಸಿಗದ ತಪ್ಪುಗಳು

ಇಂಪೀಡೆನ್ಸ್ ಅಳೆದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿಸುವ ಇರಾದೆ ನನಗಿಲ್ಲ. ಎದೆಯ ಆರು ಬಲ್ಬುಗಳ ನಡುವೆ ಜೆಲ್ಲಿಯನ್ನು ಧಾರಾಳವಾಗಿ ಮೆತ್ತಿದರೆ ಅಕ್ಕಪಕ್ಕದವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಓಮ್ ಅದ್ಭುತವಾಗಿ ಕಡಿಮೆ, ವಿ2ರಿಂದ ವಿ4ರವರೆಗೆ ಎಲ್ಲ ಒಂದೇ ಚಿತ್ರ. ಬಲಗೈ–ಎಡಗೈ ತಂತಿ ಅದಲುಬದಲಾದರೂ ಓಮ್ ಏನೂ ಹೇಳದು. ಅಲ್ಲಿ ಒಂದನೇ ಲೀಡ್ ತಲೆಕೆಳಗಾಗಿದೆಯೇ ಎಂದು ಕಣ್ಣೇ ನೋಡಬೇಕು.

ಇನ್ನೊಂದು, ತಂತಿ ಒಳಗೇ ತುಂಡಾಗುವುದು. ಕೇಬಲ್ ಕವಲೊಡೆಯುವ ಜಾಗದಲ್ಲಿ ಬಾಗಿ ಬಾಗಿ ತಾಮ್ರದ ಎಳೆ ಕಡಿಯುತ್ತದೆ, ಮೇಲಿನ ಪ್ಲಾಸ್ಟಿಕ್ ಹಾಗೆಯೇ ಇರುತ್ತದೆ. ಯಂತ್ರ ಎಲೆಕ್ಟ್ರೋಡ್ ಬಿಟ್ಟಿದೆ ಎನ್ನುತ್ತದೆ. ಸಿಬ್ಬಂದಿ ಹೊಸ ಎಲೆಕ್ಟ್ರೋಡ್ ಹಚ್ಚುತ್ತಲೇ ಇರುತ್ತಾರೆ. ಹತ್ತೂ ತುದಿಗಳನ್ನು ಒಟ್ಟಿಗೆ ಹಿಡಿದು ಒಂದು ಲೋಹದ ತುಂಡಿಗೆ ತಾಗಿಸಿದರೆ ಹತ್ತೂ ಹಸಿರಾಗಬೇಕು. ಆಗದ್ದು ಯಾವುದೋ ಅದೇ ಕೆಟ್ಟ ತಂತಿ. ಖರ್ಚಿಲ್ಲ, ಅರ್ಧ ನಿಮಿಷದ ಕೆಲಸ.

ಬನಿಯನ್ ಊರಿನ ಎಲೆಕ್ಟ್ರೋಡ್

ತಿರುಪ್ಪೂರಿನ ನಿಟ್‌ವೇರ್ ರಫ್ತು 2024-25ರಲ್ಲಿ ಸುಮಾರು 40 ಸಾವಿರ ಕೋಟಿ ರೂಪಾಯಿ. ಕೊಯಮತ್ತೂರಿನಲ್ಲಿ 1956ರಿಂದ ಇರುವ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘ, ಎಲ್ಲರ ಬಾಯಲ್ಲಿ ಸಿಟ್ರಾ, ವೈದ್ಯಕೀಯ ಜವಳಿಗೆಂದೇ ಒಂದು ಕೇಂದ್ರ ನಡೆಸುತ್ತಿದೆ. 2020ರಲ್ಲಿ ಕೋವಿಡ್ ಕವಚದ ಬಟ್ಟೆಗೆ ಕೃತಕ ರಕ್ತದ ಪರೀಕ್ಷೆ ಎಂದರೆ ದೇಶವೇ ಇವರತ್ತ ನೋಡಿತು. ಸಿರುಮುಗೈ, ನೆಗಮಂ ಕಡೆ ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರರು ಜರಿ ಎಳೆಯನ್ನು ನೂಲಿನೊಂದಿಗೆ ನೇಯುತ್ತ ತಲೆಮಾರುಗಳೇ ಕಳೆದಿವೆ. ಬೆಳ್ಳಿ ಲೇಪದ ನೈಲಾನ್ ನೂಲನ್ನು ಬನಿಯನ್‌ಗೆ ಹೆಣೆದು, ಅದನ್ನೇ ಎಲೆಕ್ಟ್ರೋಡ್ ಮಾಡುವ ಆಲೋಚನೆಗೆ ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ.

ತೊಡಕು ಮತ್ತೆ ಓಮಿನದೇ. ಜೆಲ್ಲಿಯಿಲ್ಲದ ಒಣ ಬಟ್ಟೆ ಚರ್ಮಕ್ಕೆ ತಾಗಿದಾಗ ತಡೆ ನೂರಾರು ಕಿಲೋಓಮ್; ಬೆವರು ಬಂದಂತೆ ಇಳಿಯುತ್ತದೆ, ಮೈ ತಿರುಗಿಸಿದರೆ ಏರುತ್ತದೆ. 620 ಕಿಲೋಓಮ್ ಎಂದಿಟ್ಟುಕೊಳ್ಳಿ. ಯಂತ್ರದ ಒಳತಡೆ 2.5 ಮೆಗಾಓಮ್ ಆಗಿದ್ದರೆ ಸಂಕೇತದ ಶೇ. 20 ಅಲ್ಲೇ ಕರಗಿ, 10 ಮಿ.ಮೀ. ಎತ್ತರದ ಅಲೆ 8ಕ್ಕೆ ಇಳಿಯುತ್ತದೆ. ಜೆಲ್ ಎಲೆಕ್ಟ್ರೋಡಿಗೆ ಹಸಿರು–ಕೆಂಪು ದೀಪ ಸಾಲದು ಎನ್ನುವುದಾದರೆ ಬಟ್ಟೆಯ ಎಲೆಕ್ಟ್ರೋಡಿಗೆ ಅದು ನಿರುಪಯೋಗಿ. ಬನಿಯನ್ ಹೆಣೆಯುವುದು ಇಲ್ಲಿನವರಿಗೆ ಗೊತ್ತಿದೆ. ಜೊತೆಗಿರುವ ಸರ್ಕೀಟ್ ಪ್ರತಿ ಕ್ಷಣ ಓಮ್ ಅಳೆದು, ಕೆಟ್ಟ ಕ್ಷಣಗಳ ಇಸಿಜಿಯನ್ನು ತಾನೇ ಹೊರಗಿಟ್ಟರೆ ಮಾತ್ರ ಆ ಬನಿಯನ್ ವೈದ್ಯರ ಮೇಜಿಗೆ ಬರಬಹುದು.

ಟೆಂಡರಿಗೆ ಎರಡು ಪೆಟ್ಟಿಗೆ

ಯಂತ್ರ ಕೊಳ್ಳುವ ಸಮಿತಿಗಳಿಗೆ ಒಂದು ಪರೀಕ್ಷೆ ಹೇಳಬಹುದು. ಇಸಿಜಿ ಮಾನಕಗಳು ಕಳಪೆ ಚರ್ಮವನ್ನು ಅನುಕರಿಸಲು ಎರಡು ಜೋಡಿ ಬಳಸುತ್ತವೆ: 51 ಕಿಲೋಓಮ್ ರೆಸಿಸ್ಟರ್‌ಗೆ 47 ನ್ಯಾನೋಫ್ಯಾರಡ್ ಕೆಪಾಸಿಟರ್ ಸಮಾನಾಂತರ, 620 ಕಿಲೋಓಮ್‌ಗೆ 4.7 ನ್ಯಾನೋಫ್ಯಾರಡ್. ಎರಡನ್ನೂ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬೆಸುಗೆ ಹಾಕಿ ಕೂರಿಸಲು ಎಲ್ಲ ಸೇರಿ 500 ರೂಪಾಯಿ ಆದೀತು. ಯಾವ ಪಾಲಿಟೆಕ್ನಿಕ್ ಹುಡುಗರಾದರೂ ಮಾಡಿಕೊಡುತ್ತಾರೆ. ಬಲಗೈಯ ತಂತಿಗೂ ಎಲೆಕ್ಟ್ರೋಡಿಗೂ ನಡುವೆ ಒಂದೊಂದಾಗಿ ಸಿಕ್ಕಿಸಿ, ಯಂತ್ರ ಏನು ಹೇಳುತ್ತದೆ ಎಂದು ಬರೆದುಕೊಳ್ಳಬೇಕು.

51 ಕಿಲೋಓಮ್ ಡಬ್ಬಿಯ ಉತ್ತರಗಳನ್ನು ಮೊದಲೇ ಲೆಕ್ಕ ಹಾಕಿಟ್ಟಿದ್ದೇನೆ. 10 ಹರ್ಟ್ಸ್‌ನಲ್ಲಿ ಅಳೆಯುವ ಯಂತ್ರ ಸುಮಾರು 50 ಕಿಲೋಓಮ್ ಹೆಚ್ಚು ತೋರಿಸಬೇಕು. 31.2 ಹರ್ಟ್ಸ್‌ನಲ್ಲಾದರೆ ಸುಮಾರು 46. ಶೇ. 20 ಅತ್ತಿತ್ತ ಒಪ್ಪಿಕೊಳ್ಳಬಹುದು. ಡಿಸಿ ಮಾತ್ರ ನೋಡುವ ಯಂತ್ರಕ್ಕೆ ಡಬ್ಬಿ ಇರುವುದೇ ತಿಳಿಯದು, ದೀಪ ಹಸಿರಾಗಿಯೇ ಇರುತ್ತದೆ. 100 ಕಿಲೋಹರ್ಟ್ಸ್‌ನಲ್ಲಿ ಅಳೆಯುವ ಯಂತ್ರಕ್ಕೆ ಇದೇ ಡಬ್ಬಿ 34 ಓಮ್.